ಕೆಮ್ಮು ಇದೆಯಾ ಅಂತ ಕೇಳೋದನ್ನೇ ಬಿಟ್ಟೆ

ಟಿಬಿ ಲಕ್ಷಣ ಹೇಳು ಅಂದರೆ ನಿದ್ದೆಗಣ್ಣಲ್ಲೂ ಹೇಳುತ್ತಿದ್ದೆ. ಎರಡು ವಾರ ದಾಟಿದ ಕೆಮ್ಮು, ಸಂಜೆ ಜ್ವರ, ರಾತ್ರಿ ಬೆವರು, ತೂಕ ಇಳಿಯುವುದು. ನರ್ಸ್ ತರಬೇತಿಯಲ್ಲಿ ಪೂರ್ತಿ ಅಂಕವೂ ಬಂದಿತ್ತು. ಆದರೂ ಒಬ್ಬರು ನಮ್ಮ ಆಸ್ಪತ್ರೆಗೆ ಮೂರು ಸಲ ಬಂದು, ಮೂರು ಸಲವೂ ಬರೀ ಔಷಧಿ ತಗೊಂಡು ವಾಪಸ್ ಹೋದರು.

ಒಂದು ಸಲ ನಾನೇ ಕೂತಿದ್ದೆ, ಇನ್ನೆರಡು ಸಲ ಬೇರೆಯವರು. ಚೀಟಿಯಲ್ಲಿ ಪ್ರತಿ ಸಲ ‘ಕೆಮ್ಮು’ ಅಂತ ಒಂದೇ ಪದ. ಎಷ್ಟು ದಿನದಿಂದ ಅಂತ ಯಾರೂ ಬರೆದಿರಲಿಲ್ಲ. ಮಧ್ಯೆ ಲಿವೊಫ್ಲಾಕ್ಸಾಸಿನ್ ಅನ್ನೋ ಆಂಟಿಬಯೋಟಿಕ್ ಕೊಟ್ಟಾಗ ಸ್ವಲ್ಪ ಹಗುರ ಆಯ್ತು ಅಂದಿದ್ದರು. ನಾವೂ ಖುಷಿಪಟ್ಟೆವು. ಆ ಮಾತ್ರೆ ಟಿಬಿ ಕ್ರಿಮಿಗೂ ಸ್ವಲ್ಪ ಪೆಟ್ಟು ಕೊಡುತ್ತದೆ, ಅದಕ್ಕೇ ಕೆಲವು ದಿನ ಆರಾಮ ಅನಿಸಿ ರೋಗ ಅಡಗಿ ಕೂರುತ್ತದೆ ಅಂತ ನನಗೆ ಗೊತ್ತಾಗಿದ್ದು ಆಮೇಲೆ. ನಾಲ್ಕನೇ ಸಲ ಬಂದಾಗ ಅವರ ಬೆಲ್ಟ್ ಕಣ್ಣಿಗೆ ಬಿತ್ತು. ಮೊಳೆಯಲ್ಲಿ ಹೊಡೆದ ಹೊಸ ತೂತು, ಸೊಟ್ಟಗೆ. ಅವತ್ತೇ ಕಫ ಕಳಿಸಿದೆ. ಪಾಸಿಟಿವ್ ಬಂತು.

ಈಗ ‘ಕೆಮ್ಮು ಇದೆಯಾ’ ಅಂತ ಕೇಳುವುದಿಲ್ಲ. ಬೀಡಿ ಸಿಗರೇಟು ಸೇದುವವರು ಇಲ್ಲ ಅಂದುಬಿಡುತ್ತಾರೆ. ಅವರಿಗೆ ಅದು ದಿನದ ಕೆಮ್ಮು, ರೋಗ ಅಲ್ಲ ಅಲ್ವಾ. ‘ಕೆಮ್ಮದೇ ಮಲಗಿದ್ದು ಯಾವಾಗ?’, ‘ರಾತ್ರಿ ಎದ್ದು ಅಂಗಿ ಬದಲಾಯಿಸ್ತೀರಾ?’, ‘ಬಟ್ಟೆ ಸಡಿಲ ಆಗಿದೆಯಾ?’ ಅಂತ ಕೇಳುತ್ತೇನೆ. ಎಚ್‌ಐವಿ ಇದ್ದವರಿಗೆ ಎರಡು ವಾರದ ಲೆಕ್ಕ ಹಾಕುವುದಿಲ್ಲ, ಎಷ್ಟೇ ದಿನದ ಕೆಮ್ಮಾದರೂ ಪರೀಕ್ಷೆ. ಮಕ್ಕಳದ್ದು ಬೇರೆ ಕಥೆ. ಅವರು ಕಫ ಉಗುಳುವುದಿಲ್ಲ, ನುಂಗಿಬಿಡುತ್ತಾರೆ. ತೂಕ ಏರುತ್ತಿಲ್ಲ, ಮನೆಯಲ್ಲಿ ಯಾರಿಗೋ ಟಿಬಿ ಇದೆ ಅಂದರೆ ಸಾಕು, ಡಾಕ್ಟರ ಹತ್ತಿರ ಕಳಿಸುತ್ತೇನೆ.

ಕಫದ ವಿಷಯದಲ್ಲಿ ನಾನು ಜಾಸ್ತಿ ಎಡವಿದ್ದೇನೆ. ಮೊದಲೆಲ್ಲ ಡಬ್ಬಿ ಕೈಗಿಟ್ಟು ‘ಕಫ ತಗೊಂಡು ಬನ್ನಿ’ ಅಂತಿದ್ದೆ, ಅಷ್ಟೇ. ಬರುತ್ತಿದ್ದದ್ದು ನೊರೆನೊರೆ ಎಂಜಲು. ಸೂಕ್ಷ್ಮದರ್ಶಕದಲ್ಲಿ ಕ್ರಿಮಿ ಕಾಣಬೇಕಾದರೆ ಒಂದು ಮಿಲಿಲೀಟರ್ ಕಫದಲ್ಲಿ ಸುಮಾರು 5,000ದಿಂದ 10,000 ಇರಬೇಕು. ಎಂಜಲಲ್ಲಿ ಎಲ್ಲಿಂದ ಬರಬೇಕು? ಈಗ ಜೊತೆಗೆ ಹೊರಗೆ, ಗಾಳಿಯಾಡುವ ಕಡೆ ಕರೆದುಕೊಂಡು ಹೋಗುತ್ತೇನೆ. ಬಾಯಿ ಮುಕ್ಕಳಿಸಿ, ಎರಡು ಸಲ ಉಸಿರು ಪೂರ್ತಿ ಎಳೆದು ಬಿಡಿ, ಮೂರನೇ ಸಲ ಎದೆಯಾಳದಿಂದ ಕೆಮ್ಮಿ ಅಂತ ನಾನೇ ಮಾಡಿ ತೋರಿಸುತ್ತೇನೆ. ಆಮೇಲೆ ದೂರ ನಿಲ್ಲುತ್ತೇನೆ, ಗಾಳಿ ನನ್ನ ಬೆನ್ನಿನ ಕಡೆಯಿಂದ ಬೀಸುವ ಹಾಗೆ. ಕಫದಲ್ಲಿ ಟಿಬಿ ಕ್ರಿಮಿ ಹುಡುಕುವ ಜೀನ್‌ಎಕ್ಸ್‌ಪರ್ಟ್ ಯಂತ್ರ ಬಂದ ಮೇಲೆ ಸುಮಾರು ಎರಡು ಗಂಟೆಯಲ್ಲಿ ಫಲಿತಾಂಶ ಸಿಗುತ್ತದೆ. ಟಿಬಿಯ ಮುಖ್ಯ ಔಷಧಿ ರಿಫಾಂಪಿಸಿನ್‌ಗೆ ಕ್ರಿಮಿ ಬಗ್ಗುತ್ತದೋ ಇಲ್ಲವೋ ಅನ್ನುವುದೂ ತಿಳಿಯುತ್ತದೆ. ಆದರೆ ಡಬ್ಬಿಯಲ್ಲಿ ಎಂಜಲು ಇದ್ದರೆ ಯಂತ್ರ ತಾನೇ ಏನು ಮಾಡೀತು.

ನೆಗೆಟಿವ್ ಬಂದರೂ ಸುಮ್ನೆ ಬಿಡುವುದಿಲ್ಲ. ಕೆಮ್ಮು ನಿಲ್ಲದಿದ್ದರೆ ಎಕ್ಸ್‌ರೇಗೆ ಕಳಿಸಿ ಅಂತ ಡಾಕ್ಟರ ಬೆನ್ನು ಬೀಳುತ್ತೇನೆ. ಚೀಟಿಯಲ್ಲಿ ‘ಕೆಮ್ಮು’ ಪಕ್ಕ ದಿನದ ಲೆಕ್ಕ ಬರೆಯದೆ ಯಾರನ್ನೂ ಮುಂದೆ ಕಳಿಸುವುದಿಲ್ಲ.

ಮೊನ್ನೆ ಒಬ್ಬರು ನಕ್ಕು ಕೇಳಿದರು: ‘ಮೊಣಕಾಲು ನೋವು ಅಂತ ಬಂದ್ರೆ ನೀವ್ಯಾಕೆ ಬೆಲ್ಟ್ ನೋಡ್ತೀರಾ ಸಿಸ್ಟರ್?’