ಬೆಳಗ್ಗಿನ ಮೊದಲ ಇಪ್ಪತ್ತು ಸೆಕೆಂಡು: ಹಳೆಯ ಕಾರಿನ ನಡುಕದ ಮೂಲ ಹಿಡಿದ ನನ್ನ ಅನುಭವ

ದಿನವಿಡೀ ಒಳ್ಳೆಯದಾಗಿ ಓಡುವ ಪೆಟ್ರೋಲ್ ಕಾರು ಬೆಳಗ್ಗೆ ಮೊದಲ ಸಲ ಸ್ಟಾರ್ಟ್ ಮಾಡಿದಾಗ ಮಾತ್ರ ಇಪ್ಪತ್ತು ಇಪ್ಪತ್ತೈದು ಸೆಕೆಂಡು ಚಳಿಜ್ವರ ಬಂದವರಂತೆ ನಡುಗಿ, ಆಮೇಲೆ ಏನೂ ಆಗಿಯೇ ಇಲ್ಲವೆಂಬಂತೆ ಸುಮ್ಮನಾಗುವ ಕಾಯಿಲೆಯನ್ನು ಈ ಕೆಲಸದಲ್ಲಿರುವವರೆಲ್ಲ ನೋಡಿರುತ್ತೀರಿ. ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ಇಪ್ಪತ್ತೆರಡು ವರ್ಷಗಳಿಂದ ಗ್ಯಾರೇಜು ನಡೆಸುತ್ತಿರುವ ನಾನು ಇಂಥ ಗಾಡಿಗಳಿಗೆ ಪ್ಲಗ್ ಬದಲಿಸಿ, ಥ್ರಾಟಲ್ ಬಾಡಿ ತೊಳೆದು, ಸರಿಯಾದರೆ ನನ್ನ ಕೈಗುಣವೆಂದೂ ಸರಿಯಾಗದಿದ್ದರೆ ಗಾಡಿಗೆ ವಯಸ್ಸಾಯಿತೆಂದೂ ಹೇಳಿ ಕಳುಹಿಸುತ್ತಿದ್ದವನೇ. ಆ ಕಾಯಿಲೆ ನನ್ನ ಮನೆಯ ಅಂಗಳಕ್ಕೇ ಬಂದಾಗ ಹಾಗೆ ಹೇಳಿ ಕಳುಹಿಸಲು ಯಾರೂ ಇರಲಿಲ್ಲ.

ಕಾರು 2012ರ ಮಾದರಿ, 1.2 ಲೀಟರಿನ ನಾಲ್ಕು ಸಿಲಿಂಡರಿನದ್ದು, ಸುಮಾರು 82,000 ಕಿ.ಮೀ. ಓಡಿದ್ದು. ಗಡಿಯಾಚೆ ಕರ್ನಾಟಕದಿಂದ ತಂದರೆ ಎನ್‌ಒಸಿ, ಮರುನೋಂದಣಿ, ತೆರಿಗೆ ಎಂದು ಅಲೆಯಬೇಕಾಗುತ್ತದೆಂದು ಕಾಸರಗೋಡಿನ ನೋಂದಣಿಯಾದ ಕೆಎಲ್ 14ರ ಗಾಡಿಯನ್ನೇ ಹುಡುಕಿ, ನಿವೃತ್ತ ಮಾಷ್ಟ್ರೊಬ್ಬರಿಂದ 1,85,000 ರೂಪಾಯಿಗೆ ಕೊಂಡಿದ್ದೆ. ನಾನು ನೋಡಲು ಹೋದದ್ದು ಮಧ್ಯಾಹ್ನ, ಅವರು ಆಗಷ್ಟೇ ಪೇಟೆಯಿಂದ ಬಂದಿದ್ದರು, ಎಂಜಿನ್ ಬಿಸಿಯಿತ್ತು. ಬೇರೆಯವರಿಗೆ ಗಾಡಿ ನೋಡಿಕೊಡುವಾಗ ಬಾನೆಟ್ ಮೇಲೆ ಕೈಯಿಟ್ಟು, ತಣ್ಣಗಿದ್ದರೆ ಮಾತ್ರ ಕೀ ಕೇಳುವ ನಾನು ನನ್ನ ಸರದಿ ಬಂದಾಗ ಅದನ್ನೇ ಮರೆತೆ.

ಮೊದಲ ಎರಡು ತಿಂಗಳು ಎಲ್ಲರೂ ಮಾಡುವುದನ್ನೇ ಮಾಡಿದೆ. ನಾಲ್ಕು ಪ್ಲಗ್‌ಗಳಿಗೆ 800 ಆಯಿತು. ಎಂಜಿನ್ನಿಗೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರುಗಳನ್ನು ಮಂಗಳೂರಿಗೆ ಒಯ್ದು ಅಲ್ಟ್ರಾಸಾನಿಕ್ ಯಂತ್ರದಲ್ಲಿ ತೊಳೆಸಲು 1,600, ಪ್ಲಗ್ಗಿಗೆ ಕರೆಂಟು ಕೊಡುವ ಕಾಯಿಲ್ ಒಂದನ್ನು ಅನುಮಾನಕ್ಕೆಂದು ತಂದದ್ದಕ್ಕೆ 1,900, ಕೊನೆಗೆ ಪೆಟ್ರೋಲ್ ಪಂಪಿನ ಇಡೀ ಅಸೆಂಬ್ಲಿಗೆ 4,500. ಒಂಬತ್ತು ಸಾವಿರದ ಹತ್ತಿರ ಖರ್ಚಾದರೂ ನಡುಕ ಇಪ್ಪತ್ತು ಸೆಕೆಂಡಿನಿಂದ ಹತ್ತೊಂಬತ್ತಕ್ಕೂ ಇಳಿಯಲಿಲ್ಲ. ಗ್ಯಾರೇಜಿನವರ ಮನೆಯ ಕಾರೇ ಹೀಗೆ ಕುಣಿದರೆ ನಿಮ್ಮಲ್ಲಿಗೆ ಯಾರು ಬರುತ್ತಾರೆ ಎಂದು ಮನೆಯವಳು ಕೇಳಿದ್ದು ಪಂಪು ಬದಲಿಸಿದ ಮರುದಿನ ಬೆಳಗ್ಗೆ.

ಅಂದು ಕುಳಿತು ಯೋಚಿಸಿದಾಗ ಹೊಳೆದ ಮೊದಲ ಸಂಗತಿಯೆಂದರೆ, ನಮ್ಮ ಊರಿನ ಕೋಲ್ಡ್ ಸ್ಟಾರ್ಟ್, ಅಂದರೆ ತಣಿದ ಎಂಜಿನಿನ ಮೊದಲ ಸ್ಟಾರ್ಟ್, ನಿಜವಾಗಿ ಕೋಲ್ಡ್ ಅಲ್ಲ. ಕಾಸರಗೋಡಿನಲ್ಲಿ ಧನುರ್ಮಾಸದ ಬೆಳಗ್ಗೆಯೂ ಇಪ್ಪತ್ತು ಡಿಗ್ರಿಯ ಆಸುಪಾಸಿನಲ್ಲಿರುತ್ತದೆ, ಮಳೆಗಾಲದಲ್ಲಿ ಇಪ್ಪತ್ಮೂರೋ ಇಪ್ಪತ್ನಾಲ್ಕೋ. ಅಷ್ಟಕ್ಕೆ ಯಾವ ಪೆಟ್ರೋಲ್ ಎಂಜಿನ್ನೂ ನಡುಗಬೇಕಾಗಿಲ್ಲ. ಹಾಗಾದರೆ ದೋಷವಿರುವುದು ಚಳಿಯಲ್ಲಲ್ಲ, ಗಾಡಿ ಹತ್ತು ಗಂಟೆ ನಿಂತಿರುವುದರಲ್ಲಿ. ನಿಂತಿರುವಾಗ ಒಳಗೆ ಏನೋ ಸೋರುತ್ತದೆ, ಇಲ್ಲವೇ ಏನೋ ಇಳಿದುಹೋಗುತ್ತದೆ. ಎರಡನೆಯ ಸಂಗತಿ, ಈ ಕಾಯಿಲೆ ದಿನಕ್ಕೆ ಒಂದೇ ಸಲ ಮುಖ ತೋರಿಸುತ್ತದೆ. ಕೀ ತಿರುಗಿಸಿದೆವೆಂದರೆ ಆ ದಿನದ ಸಾಕ್ಷಿ ಸೈಲೆನ್ಸರಿನಿಂದ ಹೊರಗೆ ಹೋಯಿತು. ಆದ್ದರಿಂದ ದಿನಕ್ಕೆ ಒಂದೇ ಬದಲಾವಣೆ ಮಾಡುವುದೆಂದೂ, ಕೀ ಮುಟ್ಟುವ ಮೊದಲೇ ನೋಡಬೇಕಾದದ್ದನ್ನು ನೋಡಿ ಗೋಡೆಯ ಕ್ಯಾಲೆಂಡರಿನ ಆ ದಿನದ ಚೌಕದಲ್ಲಿ ಬರೆದಿಡುವುದೆಂದೂ ತೀರ್ಮಾನಿಸಿದೆ. ಪೆರ್ಲದಲ್ಲಿ ಗ್ಯಾರೇಜಿಟ್ಟಿರುವ ಗೆಳೆಯ ಇದನ್ನು ಕೇಳಿ, “ಇದೆಂಥದು ಮಾರಾಯ, ಒಂದು ನಡುಕಕ್ಕೆ ತಿಂಗಳುಗಟ್ಟಲೆ ಪಂಚಾಂಗ ನೋಡುವುದಾ?” ಎಂದು ನಕ್ಕ.

ಮೊದಲ ಬೆಳಗ್ಗೆ ಸ್ಕ್ಯಾನರ್ ಹಾಕಿ, ಇಗ್ನಿಷನ್ ಮಾತ್ರ ಆನ್ ಮಾಡಿ, ಎಂಜಿನ್ ತಣಿಸುವ ಕೂಲೆಂಟಿನ ಉಷ್ಣತೆಯನ್ನೂ ಒಳಬರುವ ಗಾಳಿಯ ಉಷ್ಣತೆಯನ್ನೂ ಹೋಲಿಸಿದೆ. ರಾತ್ರಿಯಿಡೀ ನಿಂತ ಗಾಡಿಯಲ್ಲಿ ಇವೆರಡೂ ಒಂದೆರಡು ಡಿಗ್ರಿಯೊಳಗೆ ಹೊಂದಬೇಕು. ಇವು 24 ಮತ್ತು 25 ತೋರಿಸಿದ್ದರಿಂದ ಸೆನ್ಸರಿನ ಮೇಲಿದ್ದ ಅನುಮಾನ ಅಲ್ಲಿಗೆ ಹೋಯಿತು. ಮರುದಿನ ಕೀಯನ್ನು ಮೂರು ಸಲ ಆನ್ ಆಫ್ ಮಾಡಿ, ಪಂಪು ಲೈನಿನಲ್ಲಿ ಒತ್ತಡ ತುಂಬಲು ಬಿಟ್ಟು ಆಮೇಲೆ ಸ್ಟಾರ್ಟ್ ಮಾಡಿದೆ. ಪಂಪಿನ ವಾಲ್ವ್ ಹಿಂದಕ್ಕೆ ಬಿಡುತ್ತಿದ್ದರೆ ಇದರಿಂದ ನಡುಕ ಮಾಯವಾಗಬೇಕಿತ್ತು, ಇಂಜೆಕ್ಟರ್ ತೊಟ್ಟಿಕ್ಕುತ್ತಿದ್ದರೆ ಹೆಚ್ಚಾಗಬೇಕಿತ್ತು. ಎರಡೂ ಆಗಲಿಲ್ಲ. ಈ ಪರೀಕ್ಷೆಗೆ ಒಂದು ಪೈಸೆ ಖರ್ಚಿಲ್ಲ. 4,500ರ ಪಂಪು ತರುವ ಮೊದಲು ಇದನ್ನು ಮಾಡದೆ ಇದ್ದವನು ನಾನೇ ಆದ್ದರಿಂದ ಬೇರೆ ಯಾರನ್ನೂ ಬೈಯುವಂತಿಲ್ಲ.

ಯಾವ ಸಿಲಿಂಡರೆಂದು ಹಿಡಿಯಲು ನಾನು ಬಳಸಿದ್ದು ದೂರದಿಂದ ಬಿಸಿ ಅಳೆಯುವ ಥರ್ಮಾಮೀಟರು. ಕೊರೋನಾ ಕಾಲದಲ್ಲಿ ಹಣೆಗೆ ಹಿಡಿಯುತ್ತಿದ್ದ ಬಗೆಯದ್ದು ಇದಕ್ಕೆ ನಡೆಯುವುದಿಲ್ಲ, ಲೇತಿನವರು ಬಳಸುವಂಥದ್ದು ಬೇಕು, ಸಾವಿರದೊಳಗೆ ಸಿಗುತ್ತದೆ. ಹಿಂದಿನ ಸಂಜೆಯೇ, ಸಿಲಿಂಡರುಗಳ ಹೊಗೆ ಹೊರಬರುವ ಎಕ್ಸಾಸ್ಟ್ ಮ್ಯಾನಿಫೋಲ್ಡಿನ ತಗಡು ಬಿಚ್ಚಿಟ್ಟು, ಬೆಳಗ್ಗೆ ಮಗಳಿಂದ ಕೀ ತಿರುಗಿಸಿ, ಹದಿನೈದು ಸೆಕೆಂಡಿಗೆ ನಾಲ್ಕೂ ಕೊಳವೆಗಳ ಬುಡ ನೋಡಿದೆ. ಮೂರು ಕೊಳವೆಗಳು ಎಪ್ಪತ್ತು ಡಿಗ್ರಿ ದಾಟಿದ್ದವು, ಮೂರನೆಯ ಸಿಲಿಂಡರಿನದ್ದು ನಲವತ್ತರ ಸುತ್ತ ನಿಂತಿತ್ತು. ನನಗೆ ಕೆಲಸ ಕಲಿಸಿದ ಹಿರಿಯರು ಇದನ್ನೇ ಚಮಚದಲ್ಲಿ ನೀರು ಬಿಟ್ಟು, ಯಾವುದು ಚುರ್ ಎನ್ನುವುದಿಲ್ಲವೆಂದು ಕಿವಿಗೊಟ್ಟು ಹೇಳುತ್ತಿದ್ದರು.

ಆಮೇಲಿನ ಮೂರು ಬೆಳಗ್ಗೆಗಳಲ್ಲಿ ಒಂದೊಂದಾಗಿ ಕಾಯಿಲ್, ಪ್ಲಗ್, ಇಂಜೆಕ್ಟರುಗಳನ್ನು ಮೂರರಿಂದ ಎರಡಕ್ಕೆ ಅದಲುಬದಲು ಮಾಡಿದೆ. ದೋಷ ಮೂರರಲ್ಲೇ ಉಳಿಯಿತು. ಸಿಲಿಂಡರಿನೊಳಗಿನ ಒತ್ತಡ, ಅಂದರೆ ಕಂಪ್ರೆಷನ್ ನೋಡಿದರೆ ನಾಲ್ಕೂ 170ರಿಂದ 180 ಪಿಎಸ್‌ಐಯೊಳಗೆ, ಅಲ್ಲೂ ದೋಷವಿಲ್ಲ. ಇಲ್ಲಿ ಒಂದು ವಾರ ನಾನು ದಾರಿ ತಪ್ಪಿದ್ದನ್ನೂ ಹೇಳಬೇಕು. ಗಡಿ ದಾಟಿ ಕರ್ನಾಟಕದ ಬಂಕಿನಲ್ಲಿ ಪೆಟ್ರೋಲ್ ತುಂಬಿಸಿದರೆ ಲೀಟರಿಗೆ ಕೆಲವು ರೂಪಾಯಿ ಉಳಿಯುತ್ತದೆಂದು ನಾವೆಲ್ಲ ಅಲ್ಲಿಯೇ ತುಂಬಿಸುವವರು. ಎಥನಾಲ್ ಬೆರೆತ ಪೆಟ್ರೋಲಿನದ್ದೇ ಕಿತಾಪತಿ ಎಂದು ಯಾರೋ ಹೇಳಿದ್ದನ್ನು ನಂಬಿ, ಟ್ಯಾಂಕ್ ಬರಿದಾಗುವವರೆಗೆ ಓಡಿಸಿ ಈಚೆಯದ್ದನ್ನು ತುಂಬಿಸಿದೆ. ಆಚೆಯದ್ದಕ್ಕೂ ಈಚೆಯದ್ದಕ್ಕೂ ಎಂಜಿನ್ ಒಂದೇ ರೀತಿ ನಡುಗಿತು. ಅಂಗಳ ಇಳಿಜಾರಾಗಿರುವುದರಿಂದ ಎರಡು ರಾತ್ರಿ ಮೂತಿ ಮೇಲಾಗಿಸಿ, ಎರಡು ರಾತ್ರಿ ಕೆಳಗಾಗಿಸಿಯೂ ನಿಲ್ಲಿಸಿದೆ. ಮೂತಿ ಕೆಳಗಿದ್ದಾಗ ನಡುಕ ಸ್ವಲ್ಪ ಕಡಿಮೆಯೆಂದು ಕ್ಯಾಲೆಂಡರಿನಲ್ಲಿ ಬರೆದಿದ್ದೇನೆ, ಆದರೆ ಅದನ್ನು ಈಗ ನಾನೇ ನಂಬುವುದಿಲ್ಲ.

ಉಳಿದದ್ದು ನೀರು, ಅಂದರೆ ಕೂಲೆಂಟು. ರಿಸರ್ವ್ ಬಾಟಲಿಗೆ ಗೆರೆ ಎಳೆದು ನೋಡಿದರೆ ತಿಂಗಳಿಗೆ ಹೆಚ್ಚೆಂದರೆ ಅರ್ಧ ಲೋಟ ಇಳಿಯುತ್ತಿತ್ತು. ಎಂಜಿನ್ ಬ್ಲಾಕಿಗೂ ಅದರ ಮೇಲಿನ ಹೆಡ್ಡಿಗೂ ನಡುವೆ ಸೋರದಂತೆ ಹಾಕುವ ಹೆಡ್ ಗ್ಯಾಸ್ಕೆಟ್ ಹೋಗಿರಬಹುದೆಂದು ನಾನು ಬಾಯಿಬಿಟ್ಟಾಗ ಪೆರ್ಲದ ಗೆಳೆಯ ಮಾತ್ರವಲ್ಲ, ಸ್ಪೇರ್ ಪಾರ್ಟ್ಸ್ ಅಂಗಡಿಯವರೂ ನಕ್ಕರು. ಅವರ ವಾದದಲ್ಲಿ ಹುರುಳಿಲ್ಲದೆ ಇರಲಿಲ್ಲ. ಗಾಡಿ ಒಮ್ಮೆಯೂ ಹೀಟ್ ಆಗಿಲ್ಲ, ಆಯಿಲ್ ಹಾಲಿನಂತಾಗಿಲ್ಲ, ರೇಡಿಯೇಟರಿನಲ್ಲಿ ಗುಳ್ಳೆಯಿಲ್ಲ. ಎಂಜಿನಿನ ಗ್ಯಾಸು ನೀರಿಗೆ ಸೇರುತ್ತಿದೆಯೇ ಎಂದು ನೀಲಿ ದ್ರಾವಣ ಹಾಕಿ ಮಾಡುವ ಪರೀಕ್ಷೆಯಲ್ಲಿ ಬಣ್ಣ ಹಳದಿಗೆ ತಿರುಗಲಿಲ್ಲ. ಸೈಲೆನ್ಸರಿನ ಬಿಳಿ ಹೊಗೆಯೊಂದಿತ್ತು, ಆದರೆ ಮಳೆ ಹೊಯ್ಯುವ ಆಟಿ ತಿಂಗಳ ಬೆಳಗ್ಗೆ ನಮ್ಮೂರಿನಲ್ಲಿ ಯಾವ ಗಾಡಿಯ ಸೈಲೆನ್ಸರಿನಿಂದ ಹಬೆ ಬರುವುದಿಲ್ಲ? ನನ್ನ ತರ್ಕ ಬೇರೆಯಿತ್ತು. ಬಿರುಕು ಅಷ್ಟು ಸಣ್ಣದಿದ್ದರೆ ಓಡುವಾಗ ಗ್ಯಾಸು ನೀರಿಗೆ ಹೋಗುವುದು ಗೊತ್ತೇ ಆಗಲಿಕ್ಕಿಲ್ಲ, ಗಾಡಿ ನಿಲ್ಲಿಸಿದ ಮೇಲೆ ಕೂಲಿಂಗ್ ವ್ಯವಸ್ಥೆಯಲ್ಲಿ ಉಳಿದ ಒತ್ತಡವೇ ನಿಧಾನವಾಗಿ ನಾಲ್ಕು ಹನಿ ನೀರನ್ನು ಸಿಲಿಂಡರಿಗೆ ತಳ್ಳುತ್ತದೆ. ಬೆಳಗ್ಗೆ ಆ ಸಿಲಿಂಡರು ನೀರನ್ನು ಉಗುಳಿ ಮುಗಿಸುವವರೆಗೆ ಮಿಸ್ಸಿಂಗ್ ಹೊಡೆಯುತ್ತದೆ.

ಹೀಗಿದ್ದರೆ ಒತ್ತಡವೇ ಇಲ್ಲದ ರಾತ್ರಿ ನೀರು ಇಳಿಯಬಾರದು. ಸಂಜೆ ಪೂರ್ತಿ ತಣ್ಣಗಾದ ಎಂಜಿನಿನಿಂದ ಒಂದು ಲೋಟ ಕೂಲೆಂಟ್ ತೆಗೆದು, ರೇಡಿಯೇಟರ್ ಕ್ಯಾಪನ್ನು ಸಡಿಲವಾಗಿಟ್ಟು, ಹತ್ತು ನಿಮಿಷ ಐಡ್ಲಿಂಗಿನಲ್ಲಿ ಓಡಿಸಿ ನಿಲ್ಲಿಸಿದೆ. ಬೆಳಗ್ಗೆ ಕೀ ತಿರುಗಿಸಿದಾಗ ಒಂದು ಚೂರೂ ನಡುಕವಿಲ್ಲ! ಮರುದಿನ ಸಂಜೆ ಅದೇ ಹತ್ತು ನಿಮಿಷ, ಆದರೆ ಕ್ಯಾಪು ಬಿಗಿಯಾಗಿ. ಬೆಳಗ್ಗೆ ನಡುಕ ಹಾಜರು. ಹೀಗೆ ಸಡಿಲ, ಬಿಗಿ, ಸಡಿಲ, ಬಿಗಿ ಎಂದು ಆರು ದಿನ ಮಾಡಿದೆ, ಆರೂ ದಿನ ಲೆಕ್ಕ ತಪ್ಪಲಿಲ್ಲ. ಬಿಸಿ ಎಂಜಿನಿನ ಕ್ಯಾಪಿಗೆ ಕೈ ಹಾಕಬಾರದೆಂದು ನಿಮಗೆ ನಾನು ಹೇಳಬೇಕಾಗಿಲ್ಲ, ಆದರೆ ನಿಮ್ಮ ಹುಡುಗರಿಗೆ ಹೇಳಿ.

ಗೆಳೆಯನಿಗೆ ಇದೂ ಸಾಲಲಿಲ್ಲ, ಕಣ್ಣಿಗೆ ಕಾಣಬೇಕು ಎಂದ. ಅದಕ್ಕಾಗಿ 2,200 ಕೊಟ್ಟು ಕೂಲಿಂಗ್ ವ್ಯವಸ್ಥೆಗೆ ಗಾಳಿ ತುಂಬುವ ಕೈಪಂಪು ತರಿಸಿದೆ. ಮೊದಲ ರಾತ್ರಿ ಉತ್ಸಾಹದಲ್ಲಿ ಎಂಜಿನ್ ಇನ್ನೂ ಬೆಚ್ಚಗಿರುವಾಗಲೇ ಪಂಪು ಮಾಡಿಬಿಟ್ಟೆ. ಬೆಳಗ್ಗೆ ಮುಳ್ಳು ಸೊನ್ನೆಗಿಳಿದದ್ದನ್ನು ನೋಡಿ ಗೆಳೆಯನಿಗೆ ಫೋನು ಮಾಡಿ ಹೇಳಿದೆ. ಬಿಸಿ ನೀರು ತಣಿದರೆ ಒತ್ತಡ ತಾನಾಗಿಯೇ ಇಳಿಯುತ್ತದೆಂದು ಅವನು ನೆನಪಿಸಿದಾಗ ಫೋನು ಇಟ್ಟೆ. ಎರಡನೆಯ ಸಲ ರಾತ್ರಿ ಹನ್ನೊಂದರವರೆಗೆ ಕಾದು, ಎಂಜಿನ್ ಪೂರ್ತಿ ತಣಿದ ಮೇಲೆ ಒತ್ತಡವನ್ನು ಒಂದು ಬಾರ್‌ಗೆ ಏರಿಸಿದೆ. ಬೆಳಗ್ಗೆ 0.6ರ ಹತ್ತಿರವಿತ್ತು. ಗೆಳೆಯ ಬಂದು ನಿಂತ ಮೇಲೆಯೇ ಪ್ಲಗ್‌ಗಳನ್ನು ಬಿಚ್ಚಿ, ಮೊಬೈಲಿಗೆ ಹಾಕುವ 1,400 ರೂಪಾಯಿಯ ಸಣ್ಣ ಕ್ಯಾಮೆರಾ ಇಳಿಸಿದೆವು. ಒಂದು, ಎರಡು, ನಾಲ್ಕರ ಪಿಸ್ಟನ್ನುಗಳ ತಲೆ ಹೆಂಚಿನ ತಳದಂತೆ ಕಪ್ಪು. ಮೂರನೆಯದರ ಒಂದು ಅಂಚು, ಉಜ್ಜಿ ತೊಳೆದ ಅಲ್ಯೂಮಿನಿಯಂ ಪಾತ್ರೆಯಂತೆ ಹೊಳೆಯುತ್ತಿತ್ತು. ಆ ಹೊಳಪಿನ ಮೇಲೆ ಹಸಿರು ಛಾಯೆಯ ಸಾಸಿವೆಯಷ್ಟು ಗಾತ್ರದ ಎರಡು ಹನಿಗಳಿದ್ದವು. ಆ ಹನಿ ಎದ್ದು ಕಾಣುವಂತೆ ಹಿಂದಿನ ರಾತ್ರಿ ನಾನು ಕೂಲೆಂಟಿಗೆ ಏನು ಬೆರೆಸಿದ್ದೆನೆಂಬುದನ್ನು ಇಲ್ಲಿ ಬರೆಯುವುದಿಲ್ಲ. ಗೆಳೆಯ ಐದು ನಿಮಿಷ ಏನೂ ಮಾತಾಡಲಿಲ್ಲ.

ಹೆಡ್ ಬಿಚ್ಚಿದಾಗ ಕಾರಣವೂ ಸಿಕ್ಕಿತು. ಎರಡು ಮತ್ತು ಮೂರರ ನಡುವಿನ ನೀರಿನ ತೂತಿನ ಬಾಯಿ ಗೆದ್ದಲು ತಿಂದಂತೆ ಸವೆದಿತ್ತು, ಗ್ಯಾಸ್ಕೆಟ್ಟಿನ ಅಂಚು ಅಲ್ಲಿ ಆಧಾರವಿಲ್ಲದೆ ನಿಂತಿತ್ತು. ಸಮಪಟ್ಟಿ ಇಟ್ಟು ಫೀಲರ್ ತೂರಿಸಿದರೆ ಆ ಜಾಗದಲ್ಲಿ 0.08 ಮಿ.ಮೀ.ನ ಎಲೆ ಸಲೀಸಾಗಿ ಹೋಯಿತು. ಮಾಷ್ಟ್ರನ್ನು ಕೇಳಿದೆ. “ಕೂಲೆಂಟಿಗೆ ಯಾಕೆ ದುಡ್ಡು ಕೊಡುವುದು ಮಾರಾಯ್ರೇ, ನಮ್ಮ ಸುರಂಗದ ನೀರು ಅಷ್ಟು ಶುದ್ಧ,” ಎಂದು ಅವರು ಹೆಮ್ಮೆಯಿಂದಲೇ ಹೇಳಿದರು. ಸುರಂಗವೆಂದರೆ ನಮ್ಮಲ್ಲಿ ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಬಾವಿ. ಹಸಿರು ಕೂಲೆಂಟು ಹಾಕಿಸಿದ್ದು ಮಾರುವ ವಾರವಂತೆ. ಸುರಂಗದ ನೀರು ಕುಡಿಯಲು ಎಷ್ಟೇ ಸಿಹಿಯಿದ್ದರೂ, ಮುರಕಲ್ಲಿನ (ಜಂಬಿಟ್ಟಿಗೆಯ) ನೆಲದ ನೀರಿಗೆ ಸಾಮಾನ್ಯವಾಗಿ ಸ್ವಲ್ಪ ಆಮ್ಲದ ಗುಣವಿರುತ್ತದೆ, ಅದರಲ್ಲಿ ತುಕ್ಕು ತಡೆಯುವಂಥದ್ದೇನೂ ಇರುವುದಿಲ್ಲ. ಅಲ್ಯೂಮಿನಿಯಂ ಹೆಡ್ಡು ಅದನ್ನು ವರ್ಷಗಟ್ಟಲೆ ತಾಳಿಕೊಂಡದ್ದೇ ದೊಡ್ಡದು.

ಮಂಗಳೂರಿನ ಲೇತಿನಲ್ಲಿ ಆ ತೂತಿನ ಬಾಯಿಗೆ ವೆಲ್ಡ್ ತುಂಬಿಸಿ, ಮುಖವನ್ನು ಸಮ ಮಾಡುವ ಫೇಸಿಂಗ್ ಮಾಡಿಸಲು 2,600 ಆಯಿತು. ಗ್ಯಾಸ್ಕೆಟ್ ಸೆಟ್ಟು 2,800, ಹೊಸ ಹೆಡ್ ಬೋಲ್ಟುಗಳು 1,200, ವಾಲ್ವ್ ಸೀಲು, ಆಯಿಲ್, ಕೂಲೆಂಟ್ ಎಲ್ಲ ಸೇರಿ ಇನ್ನೊಂದು ಮೂರೂವರೆ ಸಾವಿರ. ಹತ್ತು ಸಾವಿರದ ಆಸುಪಾಸು ಎನ್ನಬಹುದು, ಕೂಲಿ ನನ್ನದೇ. ಹಳೆಯ ಬೋಲ್ಟನ್ನೇ ಹಾಕಿದರೆ 1,200 ಉಳಿಯುತ್ತದೆಂದು ಸಲಹೆ ಕೊಟ್ಟವರಿದ್ದರು. ಒಮ್ಮೆ ಹಿಗ್ಗಿದ ಬೋಲ್ಟು ಎರಡನೆಯ ಸಲ ಅದೇ ಬಿಗಿಯನ್ನು ಕೊಡುವುದಿಲ್ಲವಾದ್ದರಿಂದ ಕಿವಿಗೆ ಹಾಕಿಕೊಳ್ಳಲಿಲ್ಲ. ಬಿಗಿ ಮಾಡುವಾಗ ನಾನು ಅನುಸರಿಸುವ ಒಂದು ಕ್ರಮವೂ ಇದೆ, ಅದು ಗ್ಯಾರೇಜಿಗೆ ಬಂದವರಿಗೆ.

ಈಗ ಒಂದು ಮಳೆಗಾಲ ಪೂರ್ತಿ ಕಳೆದಿದೆ. ರಿಸರ್ವ್ ಬಾಟಲಿಗೆ ನಾನೆಳೆದ ಗೆರೆಯಿಂದ ಕೂಲೆಂಟು ಒಂದು ನೂಲಿನಷ್ಟು ಇಳಿದಿದೆಯೋ ಇಲ್ಲವೋ. ಬೆಳಗ್ಗೆ ಮಗಳೇ ಸ್ಟಾರ್ಟ್ ಮಾಡಿಕೊಂಡು ಕಾಲೇಜಿಗೆ ಹೋಗುತ್ತಾಳೆ. ಇದೇ ನಡುಕದ ಗಾಡಿಯೊಂದು ಬಂದಿದೆಯೆಂದು ಪೆರ್ಲದ ಗೆಳೆಯ ಎರಡು ತಿಂಗಳ ಹಿಂದೆ ಒಯ್ದ ನನ್ನ ಕೈಪಂಪು ಇನ್ನೂ ಹಿಂದೆ ಬಂದಿಲ್ಲ.