ಹಿಂದಿನ ಸ್ಪೀಕರ್‌ಗೆ ಮರುಳಾಗಬೇಡಿ

ಹಳೇ ರಾಕ್ ಆಲ್ಬಮ್‌ಗಳು ಈಗ 5.1 (ಸುತ್ತ ಐದು ಸ್ಪೀಕರ್, ಒಂದು ಸಬ್‌ವೂಫರ್), ಡಾಲ್ಬಿ ಅಟ್ಮಾಸ್ (ತಲೆಯ ಮೇಲಿಂದಲೂ ಸದ್ದು) ರೂಪದಲ್ಲಿ ಮತ್ತೆ ಬರುತ್ತಿವೆ. ಮೂಲ ಟೇಪಿನಲ್ಲಿ ಬೇರೆಬೇರೆಯಾಗಿ ದಾಖಲಾದ ಗಿಟಾರ್, ಡ್ರಮ್ಸ್, ಹಾಡಿಕೆಯನ್ನು ಸುತ್ತಲಿನ ಸ್ಪೀಕರ್‌ಗಳಿಗೆ ಹೊಸದಾಗಿ ಹಂಚುವುದೇ ಸರೌಂಡ್ ರೀಮಿಕ್ಸ್. ಹಂಚಿದ್ದು ಸರಿಯಾಗಿದೆಯಾ ಎಂದು ಹೇಳಲು ಸಾಧಾರಣ ಸೆಟ್ ಸಾಕು, ಕ್ರಮವಾಗಿ ಕೇಳಬೇಕು ಅಷ್ಟೇ.

ಮೊದಲು ಕೋಣೆ. ರೆಡ್ ಆಕ್ಸೈಡ್ ನೆಲ, ಬರೀ ಗೋಡೆ ಇದ್ದರೆ ಸದ್ದು ಪುಟಿಯುತ್ತದೆ. ನಡುವೆ ನಿಂತು ಒಂದು ಚಪ್ಪಾಳೆ ತಟ್ಟಿ. ಸದ್ದು ಗುಂಯ್ ಎಂದು ಎಳೆದರೆ ಜಮಖಾನೆ ಹಾಸಿ, ದಪ್ಪ ಪರದೆ ಬಿಡಿ. ಆಗುಂಬೆ, ಹೊಸನಗರ ಕಡೆಯವರು ಜುಲೈನಲ್ಲಿ ಈ ಕೆಲಸಕ್ಕೆ ಕೂರಲೇಬೇಡಿ. ಹೆಂಚಿನ ಮೇಲೆ ಮಳೆ ಹೊಯ್ಯುವಾಗ ಸಣ್ಣ ಸದ್ದು ಕಿವಿಗೆ ಬೀಳುವುದಿಲ್ಲ. ತಗಡಿನ ಶೀಟಾದರಂತೂ ಮುಗಿದೇಹೋಯ್ತು. ಮಳೆ ಬಿಟ್ಟ ರಾತ್ರಿ, ಫ್ಯಾನ್ ನಿಲ್ಲಿಸಿ ಕೇಳಿ. ಜೀರುಂಡೆಗಳನ್ನು ಏನೂ ಮಾಡುವಂತಿಲ್ಲ.

ಮುಂದಿನ ಎರಡು ಸ್ಪೀಕರ್ ನಿಮ್ಮ ನೇರ ನೋಟದಿಂದ 30 ಡಿಗ್ರಿ ಆಚೀಚೆ ಇರಲಿ. ಹಿಂದಿನವು 110 ಡಿಗ್ರಿ, ಅಂದರೆ ಕಿವಿಗಿಂತ ಸ್ವಲ್ಪ ಹಿಂದೆ. ರಿಸೀವರ್‌ನ (ಸ್ಪೀಕರ್‌ಗಳಿಗೆ ಸದ್ದು ಹಂಚುವ ಪೆಟ್ಟಿಗೆ) ಟೆಸ್ಟ್ ಟೋನ್ ಹಾಕಿ, ಮೊಬೈಲ್‌ನ ಡೆಸಿಬಲ್ ಆ್ಯಪ್ ನೋಡಿಕೊಂಡು ಎಲ್ಲವನ್ನೂ ಒಂದೇ ಮಟ್ಟಕ್ಕೆ ತನ್ನಿ. ಪ್ರತಿ ಸ್ಪೀಕರ್‌ನ ದೂರ ಅಳೆದು ರಿಸೀವರ್‌ನಲ್ಲಿ ನಮೂದಿಸಿ. ಸದ್ದು ಒಂದು ಮಿಲಿಸೆಕೆಂಡಿಗೆ ಸುಮಾರು 34 ಸೆಂ.ಮೀ. ಮಾತ್ರ ಸಾಗುತ್ತದೆ. ದೂರ ತಪ್ಪಿದರೆ ಡ್ರಮ್ ಏಟು ಹಿಂದೆಮುಂದೆ ಆಗುತ್ತದೆ, ಬೈಗುಳ ಮಾತ್ರ ರೀಮಿಕ್ಸ್ ಮಾಡಿದವರಿಗೆ.

ಆಮೇಲೆ, ರೀಮಿಕ್ಸ್‌ಗೂ ಮೊದಲು, ಅದೇ ಆಲ್ಬಮ್‌ನ ಎರಡೇ ಸ್ಪೀಕರ್‌ನ ಹಳೇ ಸ್ಟೀರಿಯೊ ಆವೃತ್ತಿ ಕೇಳಿ. ಎರಡಕ್ಕೂ ವಾಲ್ಯೂಮ್ ಸಮ ಮಾಡಿ. ಜಾಸ್ತಿ ಜೋರಾಗಿರುವುದೇ ಚೆನ್ನಾಗಿದೆ ಅನ್ನಿಸುವುದು ಕಿವಿಯ ಗುಣ.

ಇನ್ನು ಪರೀಕ್ಷೆ. ಬ್ರಿಟನ್ನಿನ ರಾಕ್ ಬ್ಯಾಂಡ್ ಪಿಂಕ್ ಫ್ಲಾಯ್ಡ್‌ನ 1973ರ 'ದ ಡಾರ್ಕ್ ಸೈಡ್ ಆಫ್ ದ ಮೂನ್' ತಗೊಳ್ಳಿ. 2003ರ 5.1 ಮಿಕ್ಸ್ ಜೇಮ್ಸ್ ಗಥ್ರಿ ಅವರದು. 'ಟೈಮ್' ಹಾಡಿನ ಶುರುವಿನ ಗಡಿಯಾರಗಳನ್ನು ಆಲ್ಬಮ್‌ನ ಸೌಂಡ್ ಎಂಜಿನಿಯರ್ ಅಲನ್ ಪಾರ್ಸನ್ಸ್ ಮೊದಲು ದಾಖಲಿಸಿದ್ದೇ ನಾಲ್ಕು ಸ್ಪೀಕರ್‌ನ ಕ್ವಾಡ್ರಫೋನಿಕ್ ಪ್ರಯೋಗಕ್ಕೆ. ಕಣ್ಣು ಮುಚ್ಚಿ, ಅವುಗಳಲ್ಲಿ ಒಂದೇ ಗಡಿಯಾರದ ಸದ್ದು ಹಿಡಿದುಕೊಳ್ಳಿ. ಸುತ್ತಿಗೆಯ ಏಟು, ಲೋಹದ ನಡುಕ, ಕರಗುವ ನಾದ ಮೂರೂ ಕೇಳಬೇಕು. ಬರೀ ಕಿರಿಕಿರಿ ಗದ್ದಲವಾದರೆ ಎಲ್ಲೋ ಎಡವಟ್ಟಾಗಿದೆ.

ಆದರೆ ಗಡಿಯಾರ ನೋಡಿ ಅಂಕ ಹಾಕಬೇಡಿ. ಬೆನ್ನ ಹಿಂದೆ ಏನೋ ಢಣ್ ಅಂದರೆ ಯಾರಾದರೂ ಬೆರಗಾಗುತ್ತಾರೆ, ಅಲ್ವಾ? ನಿಜವಾದ ಪರೀಕ್ಷೆ ಹಾಡು ಶುರುವಾದ ಮೇಲೆ. ದನಿ ಮುಂದೆ ಗಟ್ಟಿಯಾಗಿ ನಿಂತಿದೆಯಾ? ಬೇಸ್ ಗಿಟಾರ್ ಮತ್ತು ಡ್ರಮ್ಸ್ ಒಟ್ಟಿಗೇ ಹೆಜ್ಜೆ ಹಾಕುತ್ತಿವೆಯಾ? ಬ್ಯಾಂಡ್ ಚೆಲ್ಲಾಪಿಲ್ಲಿಯಾದ ರೀಮಿಕ್ಸ್ ಎಷ್ಟೇ ಚಮತ್ಕಾರ ಮಾಡಿದರೂ ನನಗೆ ಬೇಡ.

ಹಿಂದಿನ ಸ್ಪೀಕರ್‌ಗೆ ಒಮ್ಮೆ ಕಿವಿ ಕೊಡಿ. ಮುಂದಿನದ್ದೇ ಮಸುಕಾಗಿ ಕೇಳಿದರೆ, ಸ್ಟೀರಿಯೊವನ್ನೇ ಹಿಗ್ಗಿಸಿರುವ ಅನುಮಾನ ಪಡಬಹುದು. ಕೆಲವರು ಬೇಕೆಂದೇ ಹಿಂದೆ ಕಡಿಮೆ ಇಡುತ್ತಾರೆ ಅನ್ನುವುದೂ ನೆನಪಿರಲಿ.

ಇನ್ನೊಂದು ರಾಕ್ ಬ್ಯಾಂಡ್ ಕಿಂಗ್ ಕ್ರಿಮ್ಸನ್‌ನ 1969ರ ಮೊದಲ ಆಲ್ಬಮ್‌ಗೆ ಸ್ಟೀವನ್ ವಿಲ್ಸನ್ ಮಾಡಿದ 5.1 ಮಿಕ್ಸ್ 2009ರಲ್ಲಿ ಬಂತು. ಮೊದಲ ಹಾಡಿನಲ್ಲಿ ದನಿ ಒಡೆದಂತಿದೆ ಎಂದು ಸೆಟ್ ರಿಪೇರಿಗೆ ಕೊಟ್ಟೀರಿ! ಮೂಲದಲ್ಲೇ ಬೇಕೆಂದು ಹಾಗೆ ಮಾಡಿದ್ದು. ಸ್ಟೀರಿಯೊ ಮೊದಲು ಕೇಳಿ ಅಂದಿದ್ದು ಇದಕ್ಕೇ.

ಸ್ಟ್ರೀಮಿಂಗ್‌ನ ಅಟ್ಮಾಸ್‌ನಲ್ಲಿ ಡೇಟಾ ಕುಗ್ಗಿಸಿರುತ್ತಾರೆ. ಬ್ಲೂ-ರೇ ಡಿಸ್ಕ್ ಸಿಕ್ಕರೆ ಅದರಲ್ಲೇ ಕೇಳಿ ತೀರ್ಮಾನಿಸಿ.