ಘರ್ಷಣೆ ಅಳೆಯಲು ನಾವು ಹಲಗೆಯನ್ನೇ ಎಳೆದೆವು

ಎಂಟನೆಯ ತರಗತಿಗೆ ಘರ್ಷಣೆಯ ಪಾಠ ಮಾಡುವಾಗ ನಾನು ಹಲವು ವರ್ಷ ಮರದ ತುಂಡಿಗೆ ಸ್ಪ್ರಿಂಗ್ ತ್ರಾಸನ್ನು ಸಿಕ್ಕಿಸಿ ಮೇಜಿನ ಮೇಲೆ ಎಳೆದು ತೋರಿಸುತ್ತಿದ್ದೆ. ತುಂಡು ಒಮ್ಮೆ ಕಚ್ಚಿಕೊಂಡು ನಿಂತು, ಮರುಕ್ಷಣವೇ ಜಿಗಿದು ಮುಂದೆ ಹೋಗುತ್ತಿದ್ದುದರಿಂದ ತ್ರಾಸಿನ ಮುಳ್ಳು ಒಂದೆಡೆ ನಿಲ್ಲುತ್ತಿರಲಿಲ್ಲ. ಒಬ್ಬರು 60 ಗ್ರಾಂ ಎಂದು ಬರೆದುಕೊಂಡರೆ ಪಕ್ಕದವರು 90 ಎನ್ನುತ್ತಿದ್ದರು.

ಕೊನೆಗೆ ಪ್ರಯೋಗವನ್ನೇ ತಿರುಗಿಸಿದೆ. ತ್ರಾಸನ್ನು ಮೇಜಿನ ಅಂಚಿಗೆ ಹೊಡೆದ ಮೊಳೆಗೆ ಕಟ್ಟಿ, ಅದರ ಕೊಕ್ಕೆಗೆ ತುಂಡನ್ನು ಸಿಕ್ಕಿಸಿ, ತುಂಡಿನ ಅಡಿಯಲ್ಲಿರುವ ಉದ್ದನೆಯ ಹಲಗೆಯನ್ನು ಮಕ್ಕಳಿಂದ ಎಳೆಸಿದೆ. ಈಗ ತುಂಡು ಇದ್ದಲ್ಲೇ ಇರುತ್ತದೆ, ಓದುವವರ ಕಣ್ಣೂ ಅಲುಗಬೇಕಿಲ್ಲ. ಜಾರು ಘರ್ಷಣೆಯು ಈ ನಿಧಾನ ವೇಗಗಳಲ್ಲಿ ವೇಗವನ್ನು ಹೆಚ್ಚು ಅವಲಂಬಿಸದ ಕಾರಣ ಎಳೆಯುವ ಕೈ ತುಸು ಹೆಚ್ಚುಕಡಿಮೆಯಾದರೂ ಮುಳ್ಳು ಬಹುಮಟ್ಟಿಗೆ ಸ್ಥಿರವಾಗಿ ನಿಲ್ಲುತ್ತದೆ. 200 ಗ್ರಾಂ ತುಂಡಿಗೆ ಮುಳ್ಳು 85ರವರೆಗೆ ಏರಿ, ಹಲಗೆ ಜಾರಿದೊಡನೆ 70ಕ್ಕೆ ಇಳಿಯಿತು. ಸ್ಥಾಯಿ ಘರ್ಷಣೆಯ, ಅಂದರೆ ಜಾರುವ ಮುನ್ನ ತಡೆಹಿಡಿಯುವ ಘರ್ಷಣೆಯ, ಗರಿಷ್ಠ ಮಿತಿ ಜಾರು ಘರ್ಷಣೆಗಿಂತ ಹೆಚ್ಚೆಂಬುದನ್ನು ಆ ಇಳಿತದಲ್ಲೇ ಮಕ್ಕಳು ಕಂಡರು. ತುಂಡಿನ ಮೇಲೆ ತೂಕದ ಬಟ್ಟುಗಳನ್ನಿಟ್ಟು ಒಟ್ಟು 400 ಮತ್ತು 600 ಗ್ರಾಂ ಮಾಡಿದಾಗ 140 ಮತ್ತು 205 ಬಂದವು. ಘರ್ಷಣಾ ಗುಣಾಂಕವು ಘರ್ಷಣೆಯನ್ನು ತುಂಡಿನ ಒಟ್ಟು ಭಾರದಿಂದ ಭಾಗಿಸಿದ ಅನುಪಾತವಾದ್ದರಿಂದ ಗ್ರಾಂ ಅನ್ನು ನ್ಯೂಟನ್‌ಗೆ ಬದಲಿಸುವ ಅಗತ್ಯವಿಲ್ಲ. ಮೂರರಲ್ಲೂ ಅದು ಸುಮಾರು 0.35.

ಒಂದು ಎಚ್ಚರಿಕೆ ಬೇಕು. ತೂಗುಹಾಕಿದಾಗ ಸೊನ್ನೆ ತೋರಿಸುವ ತ್ರಾಸು ಮಲಗಿಸಿದಾಗ ಕೊಕ್ಕೆಯ ಭಾರ ಇಲ್ಲವಾಗುವುದರಿಂದ ಕಡಿಮೆ ತೋರಿಸುತ್ತದೆ. ಆದ್ದರಿಂದ ಮಲಗಿಸಿಯೇ ಸೊನ್ನೆಯನ್ನು ಸರಿಮಾಡಿಕೊಳ್ಳಬೇಕು.

ತುಂಡನ್ನು ಕಿರಿದಾದ ಮಗ್ಗುಲಿಗೆ ಹೊರಳಿಸಿದಾಗಲೂ 70ರ ಆಸುಪಾಸಿನಲ್ಲೇ ಬಂದದ್ದನ್ನು ಮಕ್ಕಳು ಒಪ್ಪಲಿಲ್ಲ, ಮೂರು ಸಲ ಮಾಡಿಸಿದರು. ಘರ್ಷಣೆಯು ತಾಗುವ ಮಗ್ಗುಲಿನ ವಿಸ್ತೀರ್ಣವನ್ನು ಅವಲಂಬಿಸುವುದಿಲ್ಲ ಎಂಬ ಇದೇ ಮಾತನ್ನು 1699ರಲ್ಲಿ ಫ್ರೆಂಚ್ ವಿಜ್ಞಾನಿ ಅಮೊಂಟನ್ಸ್ ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಯ ಮುಂದಿಟ್ಟಾಗ ಅಲ್ಲಿನ ವಿದ್ವಾಂಸರೂ ಅನುಮಾನಿಸಿದ್ದರೆಂದು ಹೇಳಿದೆ. ಆದರೆ ಎರಡೂ ಮಗ್ಗುಲುಗಳನ್ನು ಒಂದೇ ಮರಳು ಕಾಗದದಿಂದ ಉಜ್ಜಿರಬೇಕು. ಇಲ್ಲವಾದರೆ ನಾವು ಹೋಲಿಸುವುದು ವಿಸ್ತೀರ್ಣವನ್ನಲ್ಲ, ನುಣುಪನ್ನು.

ಉತ್ತರವನ್ನು ಇನ್ನೊಂದು ದಾರಿಯಿಂದ ತಾಳೆ ನೋಡಲು ಅದೇ ಹಲಗೆಯ ಒಂದು ತುದಿಯನ್ನು ನಿಧಾನವಾಗಿ ಎತ್ತಿದೆವು. ತುಂಡು ಜಾರತೊಡಗಿದ ಗಳಿಗೆಯಲ್ಲಿ ಎತ್ತರ 25 ಸೆಂ.ಮೀ., ನೆಲದ ಮೇಲಿನ ಅಡ್ಡ ದೂರ 60 ಸೆಂ.ಮೀ. ಇತ್ತು. ಜಾರತೊಡಗುವ ಇಳಿಜಾರಿನಲ್ಲಿ ಎತ್ತರವನ್ನು ಅಡ್ಡ ದೂರದಿಂದ ಭಾಗಿಸಿದರೆ ಸ್ಥಾಯಿ ಘರ್ಷಣೆಯ ಗುಣಾಂಕವೇ ಸಿಗುತ್ತದೆ. ಹಾಗೆ ಭಾಗಿಸಿದಾಗ ಬಂದದ್ದು 0.42, ತ್ರಾಸು ಕೊಟ್ಟ ಸ್ಥಾಯಿ ಗುಣಾಂಕ, ಅಂದರೆ 85ನ್ನು 200ರಿಂದ ಭಾಗಿಸಿದ್ದು, 0.425.